ಡ್ರೈವರ್ ಸೈಡು

ಮಾರ್ಚ್ 3, ಸೋಮವಾರ. ಸಂಜೆ

ಮತ್ತೆ ಹತ್ತಿತು. ಸ್ನೈಡರ್ ಗುಡ್ಡದ ಮೇಲೆ, ಕಚ್ಚುವ ನಾಯಿಯ ಮನೆಯ ಡಬ್ಬಿಗೆ ಟಪಾಲು ತುರುಕುತ್ತಿದ್ದಾಗ. ಎಂಜಿನ್ ಚಿತ್ರದ ಹಳದಿ ದೀಪ. ಡ್ಯಾಶ್‌ಬೋರ್ಡಿಗೆ ಒಂದು ಗುದ್ದು ಕೊಟ್ಟೆ. ಹೋದ ತಿಂಗಳು ಗುದ್ದಿದಾಗ ಆರಿತ್ತು. ಈ ಸಲ ಆರಲಿಲ್ಲ.

ಒಂದೊಂದು ಡಬ್ಬಿಯ ಮುಂದೆ ನಿಂತಾಗಲೂ ಗಾಡಿಗೆ ನಡುಕ. ಪೆಟ್ರೋಲು ನೀರಿನ ಹಾಗೆ ಕುಡಿಯುತ್ತಿದೆ. ಕೊಳೆತ ಮೊಟ್ಟೆಯ ವಾಸನೆ ಬೇರೆ. ಎಡಗಡೆ ಸೀಟಿನಲ್ಲಿ ಕೋಳಿಮರಿಗಳ ಪಾರ್ಸೆಲ್ ಇತ್ತು — ಮಾರ್ಚ್ ಬಂತೆಂದರೆ ಊರಿಗೆಲ್ಲ ಕೋಳಿಮರಿ ಹುಚ್ಚು — ಮೊದಲು ಅವುಗಳನ್ನೇ ಬೈದೆ. ಪಾಪ. ವಾಸನೆ ಹಿಂದಿನ ಹೊಗೆಕೊಳವೆಯದು.

ಗಾಡಿಯಿಂದ ಇಳಿಯದೆ ಕಾಫಿ ಕೊಳ್ಳುವ ಕಿಟಕಿಯಲ್ಲಿ ಎಂದಿನ ಸರ್ಕಸ್. ಊರಿಗೆಲ್ಲ ಸ್ಟಿಯರಿಂಗ್ ಎಡಗಡೆ, ಕಾಫಿ ಕೊಡುವ ಕಿಟಕಿಯೂ ಎಡಗಡೆ. ಟಪಾಲಿನ ಡಬ್ಬಿಗಳು ಮಾತ್ರ ರಸ್ತೆಯ ಬಲಗಡೆ. ಕೈ ಚಾಚಿದರೆ ಡಬ್ಬಿ ಸಿಗಬೇಕೆಂದು ನನ್ನ ಸ್ವಂತ ಗಾಡಿಗೆ ಸ್ಟಿಯರಿಂಗ್ ಬಲಕ್ಕೆ. ಕಾಫಿ ಬೇಕೆಂದರೆ ಕೋಳಿಮರಿಗಳ ಮೇಲೆ ಅರ್ಧ ಮಲಗಬೇಕು. ಇವತ್ತೂ ಚೆಲ್ಲಿತು.

ಗಾಜಿನ ಮೇಲಿನ ತಪಾಸಣೆ ಸ್ಟಿಕರ್ ಈ ತಿಂಗಳಿಗೆ ಮುಗಿಯುತ್ತದೆ. ದೀಪ ಹತ್ತಿದ್ದರೆ ಹೊಗೆ ಪರೀಕ್ಷೆ ಫೇಲು. ಪರೀಕ್ಷೆ ಫೇಲಾದರೆ ಸ್ಟಿಕರ್ ಇಲ್ಲ. ಇಷ್ಟು ವರ್ಷ ಇದು ಬರೀ ತಲೆನೋವಾಗಿತ್ತು. ಈ ಸಲ ಹಾಗಲ್ಲ. ಮಾರ್ಚ್ ಮೂವತ್ತೊಂದಕ್ಕೆ ಕ್ಲೈಡ್ ನಿವೃತ್ತಿಯಾಗುತ್ತಿದ್ದಾನೆ, ಅವನು ಟಪಾಲು ಹಂಚುವ ರೂಟು ಖಾಲಿ. ಒಂಬತ್ತು ವರ್ಷದಿಂದ ನಾನು ಬದಲಿ ಕೆಲಸದವಳು. ಯಾರಿಗೆ ಜ್ವರ ಬಂದರೂ ಟ್ರೂಡಿ, ಯಾರ ಮಗಳ ಮದುವೆ ಆದರೂ ಟ್ರೂಡಿ. ಬೆಳಿಗ್ಗೆ ಫೋನು ಬಂದರೆ ಕೆಲಸ, ಬಾರದಿದ್ದರೆ ಇಲ್ಲ.

ಪೋಸ್ಟ್‌ಮಾಸ್ಟರ್ ಲಿನೆಟ್ ಇವತ್ತು ಟಪಾಲು ವಿಂಗಡಿಸುವ ಜಾಗಕ್ಕೇ ಬಂದು ಹೇಳಿದಳು.

"ರೂಟು ನಿಂದೇ ಟ್ರೂಡಿ. ಆದ್ರೆ ಏಪ್ರಿಲ್ ಒಂದಕ್ಕೆ ಗಾಡಿ ಮೇಲೆ ಹೊಸ ಸ್ಟಿಕರ್ ಇರ್ಬೇಕು. ಮೂವತ್ತೊಂದಕ್ಕೆ ಆಫೀಸ್ ಮುಚ್ಚೋ ಮುಂಚೆ ನಾನ್ ಕಣ್ಣಾರೆ ನೋಡ್ಬೇಕು. ಇಲ್ದಿದ್ರೆ ಡ್ಯಾರಿಲ್‌ಗೆ ಕೊಡ್ಬೇಕಾಗುತ್ತೆ, ನಂಗೆ ಬೇರೆ ದಾರಿ ಇಲ್ಲ."

ಡ್ಯಾರಿಲ್! ಬಂದು ಎರಡು ವರ್ಷವಾಗಿಲ್ಲ. ಜಪಾನಿನಿಂದ ತರಿಸಿದ ಪುಟ್ಟ ಗಾಡಿಯನ್ನು ದಿನಾ ಒರೆಸುತ್ತಾನೆ. ಕಚ್ಚುವ ನಾಯಿಯ ಮನೆಗೆ ಪಾರ್ಸೆಲ್ಲು ಇದ್ದರೆ ಚೀಟಿ ಅಂಟಿಸಿ ಓಡಿಬರುತ್ತಾನೆ.

ಮಾರ್ಚ್ 5, ಬೂದಿ ಬುಧವಾರ

ಹಣೆಯ ಬೂದಿ ಒರೆಸಿಕೊಳ್ಳದೆ ಚರ್ಚಿನಿಂದ ನೇರ ಬಿಡಿಭಾಗದ ಅಂಗಡಿಗೆ. ಕೌಂಟರಿನವನು ಗಾಡಿಯ ತಪ್ಪು ಓದುವ ಯಂತ್ರ ಹಿಡಿದು ಹೊರಗೆ ಬಂದ, ಎಡಗಡೆ ಬಾಗಿಲು ತೆಗೆದ, ಬಗ್ಗಿ ಸ್ಟಿಯರಿಂಗ್ ಹುಡುಕಿದ. ಇಲ್ಲ. "ಓ, ಪೋಸ್ಟ್ ಗಾಡಿನಾ!" ಎಂದು ಸುತ್ತು ಹಾಕಿ ಬಂದ. ಎಲ್ಲರೂ ಒಂದಲ್ಲ ಒಂದು ಸಲ ಬೀಳುವ ಹಳ್ಳ ಅದು.

ಯಂತ್ರ ಹೇಳಿದ್ದು: ಆಕ್ಸಿಜನ್ ಸೆನ್ಸರು. ಬ್ಯಾಂಕ್ ಒನ್, ಸೆನ್ಸರ್ ಒನ್. ನಿಧಾನವಾಗಿ ಉತ್ತರ ಕೊಡುತ್ತಿದೆ.

ಸೆನ್ಸರು ಅಂದರೆ ಗಾಡಿಯ ಮೂಗು. ಹೊಗೆ ಮೂಸಿ ನೋಡಿ ಎಂಜಿನ್ನಿಗೆ ವರದಿ ಒಪ್ಪಿಸುತ್ತದೆ — ಪೆಟ್ರೋಲು ಜಾಸ್ತಿಯಾಯಿತು, ಕಡಿಮೆಯಾಯಿತು ಅಂತ. ಮೂಗಿಗೆ ನೆಗಡಿಯಾದರೆ ಎಂಜಿನ್ನು ಕುರುಡಾಗಿ ಕುಡಿಯುತ್ತದೆ. ನನ್ನದು ವಿ ಆಕಾರದ ಎಂಜಿನ್ನು. ಸಿಲಿಂಡರುಗಳು ಎರಡು ಸಾಲು, ಎಡಕ್ಕೊಂದು ಬಲಕ್ಕೊಂದು. ಒಂದೊಂದು ಸಾಲಿಗೂ ಬೇರೆ ಮೂಗು. ಆ ಸಾಲಿಗೇ ಬ್ಯಾಂಕು ಅನ್ನುವುದು.

ಮನೆಗೆ ಬಂದು ಅಮ್ಮನಿಗೆ ಹೇಳಿದೆ.

"ಬ್ಯಾಂಕಾ? ಯಾವ ಬ್ಯಾಂಕು?"

"ಬ್ಯಾಂಕ್ ಅಂದ್ರೆ ಸಾಲು ಅಮ್ಮ."

"ಅದೇ. ಬ್ಯಾಂಕು ಅಂದ್ಮೇಲೆ ಸಾಲ ಇದ್ದೇ ಇರುತ್ತೆ. ಎಷ್ಟು ತಗೊಂಡೆ?"

"ಅಯ್ಯೋ, ಸಾಲ ಅಲ್ಲ. ಒಂದು ಸೆನ್ಸರು ಕೆಟ್ಟಿದೆ. ನಿಧಾನವಾಗಿ ಉತ್ತರ ಕೊಡ್ತಿದೆ ಅಷ್ಟೆ."

"ನಿಮ್ಮಣ್ಣನ್ನ ಕೇಳು. ಅವನಿಗೆ ಎಲ್ಲಾ ಗೊತ್ತು."

ನಿಧಾನವಾಗಿ ಉತ್ತರ ಕೊಡುವುದರಲ್ಲಿ ಅಣ್ಣನೂ ಏನು ಕಮ್ಮಿಯಿಲ್ಲ ಅಂತ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಉಪವಾಸದ ದಿನ.

ಅಣ್ಣ ವೆಸ್ ಉತ್ತರ ಡಕೋಟಾದ ತೈಲಬಾವಿಗಳಲ್ಲಿ ಟ್ರಕ್ಕು ಓಡಿಸುತ್ತಾನೆ. ಅಪ್ಪನನ್ನು ಮಣ್ಣು ಮಾಡಿ ಹೋದವನು ಮತ್ತೆ ಬಂದಿಲ್ಲ. ಭಾನುವಾರ ಫೋನು ಮಾಡುತ್ತಾನೆ. ಅಮ್ಮನಿಗೆ ಅಷ್ಟು ಸಾಕು. ದೂರದ ಬೆಟ್ಟ ನುಣ್ಣಗೆ — ಹತ್ತಿರ ಇರುವ ಬೆಟ್ಟ ದಿನಾ ಪಾತ್ರೆ ತೊಳೆಯುತ್ತದೆ.

ಅಂಗಡಿಯಿಂದ ಹೊಸ ಸೆನ್ಸರು ತಂದಿದ್ದೇನೆ. ಎರಡೂ ಸಾಲಿಗೆ ಒಂದೇ ನಮೂನೆಯಂತೆ. ಬ್ಯಾಂಕ್ ಒನ್ ಯಾವ ಕಡೆ ಅಂತ ಕೇಳಿದರೆ "ಅದು ಒಂದೊಂದು ಗಾಡಿಗೆ ಒಂದೊಂದು ಥರ" ಅಂದ ಪುಣ್ಯಾತ್ಮ.

ಮಾರ್ಚ್ 7, ಶುಕ್ರವಾರ

ವ್ರತದ ಶುಕ್ರವಾರ, ಮಾಂಸ ಇಲ್ಲ, ಮೀನಿಗೆ ಅಡ್ಡಿಯಿಲ್ಲ. ಅಗ್ನಿಶಾಮಕ ದಳದ ಸಭಾಂಗಣದಲ್ಲಿ ಕರಿದ ಮೀನಿನ ಊಟ, ಊರಿಗೆ ಊರೇ ಅಲ್ಲಿ. ಅಮ್ಮನನ್ನು ಕರೆದುಕೊಂಡು ಹೋದೆ.

ಅಮ್ಮ ಎಡಗಡೆ ಸೀಟಿನಲ್ಲಿ ಕೂತು ಹೆಣಿಗೆ ಹಾಕುತ್ತಾಳೆ. ಎದುರಿನಿಂದ ಬರುವವರಿಗೆ ಕಾಣುವುದು ಇಷ್ಟು: ಬಿಳಿ ಕೂದಲ ಮುದುಕಿ ಸ್ಟಿಯರಿಂಗ್ ಬಿಟ್ಟು ಉಣ್ಣೆ ಹೆಣೆಯುತ್ತ ಗಾಡಿ ಓಡಿಸುತ್ತಿದ್ದಾಳೆ. ಒಬ್ಬ ಇವತ್ತು ಹೌಹಾರಿ ರಸ್ತೆ ಬಿಟ್ಟು ಹುಲ್ಲಿಗಿಳಿದ. ಅಮ್ಮ ಅವನಿಗೆ ಸೂಜಿ ಎತ್ತಿ ಟಾಟಾ ಮಾಡಿದಳು. ಬೇಕೆಂದೇ ಮಾಡುತ್ತಾಳೆ.

ಮಾರ್ಚ್ 9, ಭಾನುವಾರ

ಅಣ್ಣನ ಫೋನು. ಮೊದಲು ಅವನ ಟ್ರಕ್ಕಿನ ಪುರಾಣ, ಆಮೇಲೆ ಅಲ್ಲಿನ ಚಳಿಯ ಪುರಾಣ. ಕೊನೆಗೆ ಅಮ್ಮ ಫೋನು ನನ್ನ ಕೈಗಿಟ್ಟಳು.

"ಬ್ಯಾಂಕ್ ಒನ್ನಾ? ಎಂಥ ಗಾಡಿ ಅಂದೆ? ಹಾಂ, ಆ ಎಂಜಿನ್ನು... ಅದ್ರಲ್ಲಿ ಬ್ಯಾಂಕ್ ಒನ್ ಅಂದ್ರೆ ಡ್ರೈವರ್ ಸೈಡು ಕಣೇ."

"ಡ್ರೈವರ್ ಸೈಡಾ? ಖಂಡಿತಾನಾ?"

"ಹೂಂ ಕಣೇ ಪೆದ್ದಿ, ಡ್ರೈವರ್ ಸೈಡು. ನೀನ್ ಕೂರೋ ಕಡೆ. ಬಾನೆಟ್ ಎತ್ತು, ನೀನ್ ಕೂರೋ ಕಡೆ ಬಗ್ಗಿ ನೋಡು. ಮೇಲೆ ಇರೋದೇ ಸೆನ್ಸರ್ ಒನ್. ಚಿಕ್ಕ ಮಕ್ಳಿಗೂ ಆಗೋ ಕೆಲ್ಸ, ಅರ್ಧ ಗಂಟೆ."

ಅರ್ಧ ಗಂಟೆ! ಊಟ ಆದಮೇಲೆ ಬಗ್ಗಿದವಳು ಕತ್ತಲಾಗುವ ಹೊತ್ತಿಗೆ ಎದ್ದೆ. ಈ ಊರಿನ ಚಳಿಗಾಲದ ಉಪ್ಪು — ರಸ್ತೆಗೆ ಸುರಿಯುವುದೆಲ್ಲ ಗಾಡಿಯ ಹೊಟ್ಟೆಗೆ. ಸೆನ್ಸರು ತುಕ್ಕು ಹಿಡಿದು ಕೊಳವೆಯ ಜೊತೆ ಒಂದಾಗಿಬಿಟ್ಟಿದೆ. ತುಕ್ಕು ಬಿಡಿಸುವ ಎಣ್ಣೆ ಹೊಡೆದೆ. ಕಾದೆ. ಮತ್ತೆ ಹೊಡೆದೆ. ಸೆನ್ಸರಿಗೆಂದೇ ಸೀಳು ಬಿಟ್ಟಿರುವ ಪಾನಾ, ಅಂಗಡಿಯಿಂದ ಎರವಲು ತಂದದ್ದು, ಕೂರುವುದೇ ಇಲ್ಲ. ಯಾಕೆಂದರೆ ಅಡ್ಡ ಸ್ಟಿಯರಿಂಗ್ ಸಲಾಕೆ. ಅದರ ಹಿಂದೆ ಕೈ ತೂರಿಸಿ, ಕಾಣದ ಜಾಗದಲ್ಲಿ ತಡಕಿ, ಅಂಗುಲ ಅಂಗುಲ ತಿರುಗಿಸಬೇಕು. ಗೆಣ್ಣುಗಳ ಚರ್ಮ ಕಿತ್ತುಹೋಯಿತು. ಬೈದ ಬೈಗುಳಕ್ಕೆ ಅಮ್ಮ ಕಿಟಕಿ ಮುಚ್ಚಿದಳು.

ಕೊನೆಗೆ ಎಂಜಿನ್ ಕಾಯಿಸಿ, ಬಿಸಿಯಿರುವಾಗಲೇ ಜೋತುಬಿದ್ದೆ. ಕಿರ್ರೆಂದು ಬಿಟ್ಟಿತು. ಹೊಸದು ಹಾಕಿದೆ. ಸೆನ್ಸರಿನ ಜೊತೆ ಕೊಂಡು ತಂದ ಪುಟ್ಟ ಯಂತ್ರ ಚುಚ್ಚಿ ತಪ್ಪಿನ ಸಂಖ್ಯೆ ಅಳಿಸಿದೆ. ದೀಪ ಆರಿತು.

ಅಡುಗೆಮನೆಯಲ್ಲಿ ಕುಣಿದೆ. ನಲವತ್ತಾರು ವರ್ಷದ ಹೆಂಗಸು, ಕೈಯಲ್ಲಿ ರಕ್ತ, ಕುಣಿದೆ.

"ನೋಡ್ದ್ಯಾ? ವೆಸ್ ಹೇಳಿದ್ಮೇಲೆ ಮುಗೀತು" ಅಂದಳು ಅಮ್ಮ.

ಕೈ ಯಾರದು ಅಮ್ಮ?

ಮಾರ್ಚ್ 12, ಬುಧವಾರ

ಹತ್ತಿತು.

ಅದೇ ಸಂಖ್ಯೆ. ಅದೇ ಬ್ಯಾಂಕು. ಅದೇ ಸೆನ್ಸರು.

ಮಾರ್ಚ್ 13

ಅಣ್ಣನಿಗೆ ಭಾನುವಾರದವರೆಗೆ ಕಾಯದೆ ನಾನೇ ಮಾಡಿದೆ. ಎತ್ತಲಿಲ್ಲ. ಮೂರನೆಯ ಸಲ ಎತ್ತಿದ.

"ಅಗ್ಗದ ಪಾರ್ಟ್ ತಂದಿರ್ತೀಯ."

"ಅಗ್ಗದ್ದಲ್ಲ."

"ಹಂಗಾದ್ರೆ ಕನೆಕ್ಟರ್ ಸರಿಯಾಗಿ ಕೂರಿಸಿಲ್ಲ. ಟಕ್ ಅಂತ ಸದ್ದು ಬಂತಾ?"

"ಬಂತು."

"ಸೆನ್ಸರ್ ತುದಿಗೆ ಗ್ರೀಸ್ ಮೆತ್ತಿದ್ಯಾ? ಮೆತ್ತಿರ್ತೀಯ. ಮೂಗಿಗೆ ಹತ್ತಿ ತುರುಕಿದ ಹಾಗೆ ಅದು."

"ಅಣ್ಣ, ನಂಗೆ ಅಷ್ಟೂ ಗೊತ್ತಾಗಲ್ವಾ?"

"ನಿಂಗೆ ಸೈಕಲ್ ಚೈನ್ ಹಾಕೋಕೂ ಬರ್ತಿರ್ಲಿಲ್ಲ ಕಣೇ."

ನನಗೆ ಆಗ ಎಂಟು ವರ್ಷ. ಇವನ ಮನಸ್ಸಿನಲ್ಲಿ ನಾನು ಇನ್ನೂ ಅದೇ ಸೈಕಲ್ ಹಿಡಿದು ಅಳುತ್ತ ನಿಂತಿದ್ದೇನೆ. ಸಿಟ್ಟು ಬಂತು. ಬರೆಯುವಾಗಲೂ ಬರುತ್ತಿದೆ.

ಮಾರ್ಚ್ 16, ಭಾನುವಾರ

ಇನ್ನೊಂದು ಸೆನ್ಸರು. ಮೊದಲಿನದನ್ನು ಅಂಗಡಿಯವನು ವಾಪಸು ತೆಗೆದುಕೊಳ್ಳಲಿಲ್ಲ. ಕರೆಂಟಿನ ಸಾಮಾನು ಒಮ್ಮೆ ಜೋಡಿಸಿದರೆ ಮುಗಿಯಿತಂತೆ. ಅದು ಈಗ ಅಡುಗೆಮನೆಯ ಕಿಟಕಿಯಲ್ಲಿ, ಅಮ್ಮನ ಸಂತ ಯೋಸೇಫರ ಪಕ್ಕ ಕೂತಿದೆ.

ಮತ್ತೆ ಅದೇ ಸಲಾಕೆಯ ಹಿಂದೆ ಅದೇ ಕೈ. ಈ ಸಲ ತುಕ್ಕಿಲ್ಲ, ಆದರೂ ಗೆಣ್ಣಿನ ಹಳೆ ಗಾಯಗಳೆಲ್ಲ ಬಾಯಿಬಿಟ್ಟವು. ವೈರು ಪೂರ್ತಿ ನೋಡಿದೆ, ಇಲಿ ಕಡಿದಿದೆಯೇ ಅಂತ. ಇಲ್ಲ. ಕೊಳವೆ ಸೋರುತ್ತಿದೆಯೇ ಅಂತ ಸೋಪಿನ ನೀರು ಹಚ್ಚಿ ನೋಡಿದೆ. ಇಲ್ಲ.

ಸಂಖ್ಯೆ ಅಳಿಸಿದೆ. ದೀಪ ಆರಿದೆ. ಈ ಸಲ ಕುಣಿಯಲಿಲ್ಲ.

ಮಾರ್ಚ್ 18

ಹತ್ತಿದೆ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚುತ್ತಿದ್ದೇನೆ.

ಆಫೀಸಿನಲ್ಲಿ ಕ್ಲೈಡ್‌ಗೆ ಕೇಕು ಎಲ್ಲಿ ತರಿಸುವುದು ಅಂತ ಚರ್ಚೆ. ಡ್ಯಾರಿಲ್ ಬಂದು ಪಕ್ಕದಲ್ಲಿ ನಿಂತ. "ಟ್ರೂಡಿ, ಗುಡ್ಡದ ಮೇಲೆ ಆ ನೀಲಿ ಡಬ್ಬಿ ಇದ್ಯಲ್ಲ, ಅದು ಯಾರ್ದು? ಸುಮ್ನೆ ಕೇಳ್ದೆ. ತಿಳ್ಕೊಂಡಿರೋದು ಒಳ್ಳೇದು ಅಂತ."

ಸುಮ್ಮನೆಯಂತೆ! ಆಗಲೇ ನನ್ನ ಡಬ್ಬಿಗಳನ್ನು ಎಣಿಸುತ್ತಿದ್ದಾನೆ. "ನಾಯಿನ ಕೇಳು, ಹೇಳುತ್ತೆ" ಅಂದೆ.

ಮಾರ್ಚ್ 19, ಬುಧವಾರ

ಒಂದು ಉಪಾಯ ಮಾಡಿದೆ. ಉಪಾಯವಲ್ಲ, ಕಳ್ಳಾಟ. ಯಾನೊಸಿಕ್‌ನ ಗ್ಯಾರೇಜಿನ ತಿರುವಿನಲ್ಲಿ ನಿಲ್ಲಿಸಿ, ಸಂಖ್ಯೆ ಅಳಿಸಿ, ದೀಪ ಆರಿದ ಗಳಿಗೆಯಲ್ಲೇ ಒಳಗೆ ನುಗ್ಗಿಸಿದೆ. ಮತ್ತೆ ಹತ್ತುವುದಕ್ಕೆ ಎರಡು ದಿನವಂತೂ ಬೇಕು. ಅಷ್ಟರಲ್ಲಿ ಸ್ಟಿಕರ್ ಕೈಯಲ್ಲಿರುತ್ತದೆ.

ಯಾನೊಸಿಕ್ ಈ ಕಡೆಯವರಿಗೆಲ್ಲ ಸ್ಟಿಕರ್ ಅಂಟಿಸುವವನು. ರಿಪೇರಿ ಬಿಟ್ಟು ಎಷ್ಟೋ ವರ್ಷ ಆಯಿತು, ಈಗ ಬರೀ ಪರೀಕ್ಷೆ. ಯಂತ್ರ ಚುಚ್ಚಿದ. ನೋಡಿದ. ಕನ್ನಡಕ ಹಣೆಗೇರಿಸಿ ನನ್ನನ್ನು ನೋಡಿದ.

"ಏನ್ ತಾಯಿ, ತಿರುವಿನಲ್ಲಿ ಅಳಿಸ್ಕೊಂಡ್ ಬಂದ್ಯಾ?"

"ಏನನ್ನ?"

"ನಿನ್ ಗಾಡಿಗೆ ಏನೂ ನೆನಪಿಲ್ಲ. ಈಗ್ತಾನೆ ಹುಟ್ಟಿದ ಕೂಸಿನ ಥರ ಇದೆ. ಸಂಖ್ಯೆ ಅಳಿಸ್ದಾಗ ಅದು ಒಳಗೊಳಗೇ ತಾನೇ ಮಾಡ್ಕೊಳ್ಳೋ ಪರೀಕ್ಷೆಗಳೂ ಅಳ್ದೋಗ್ತವೆ. ಅವು ಮತ್ತೆ ಮುಗಿಯೋವರ್ಗೂ ಈ ಯಂತ್ರ ಒಪ್ಪಲ್ಲ."

"ಯಾವಾಗ ಮುಗಿಯುತ್ತೆ?"

"ಬೇರೆಯವ್ರದಾದ್ರೆ ನಾಲ್ಕು ದಿನ. ನಿಂದು? ಡಬ್ಬಿ ಡಬ್ಬಿಗೂ ನಿಲ್ಲೋ ಗಾಡಿ. ಇದಕ್ಕೆ ಓಡೋದೇ ಮರ್ತೋಗಿದೆ. ಹೆದ್ದಾರಿಗೆ ಕರ್ಕೊಂಡೋಗು. ಒಂದೇ ವೇಗದಲ್ಲಿ ಓಡ್ಸು, ನಿಲ್ಲಿಸ್ಬೇಡ. ಆದ್ರೆ ಮೊದ್ಲು ರೋಗ ವಾಸಿ ಮಾಡು. ವಾಸಿಯಾಗ್ದೆ ಓಡ್ಸಿದ್ರೆ ದೀಪಾನೇ ಹತ್ತೋದು."

ಮೂವತ್ತೊಂದಕ್ಕೆ ಒಂದು ಸಮಯ ಕೊಟ್ಟಿದ್ದಾನೆ. ತಿಂಗಳ ಕೊನೆಗೆ ಊರಿಗೆಲ್ಲ ಜ್ಞಾನೋದಯ ಆಗುವುದರಿಂದ ಅದಕ್ಕೂ ಮುಂಚೆ ಜಾಗವಿಲ್ಲ.

ಗಾಡಿಯಲ್ಲಿ ಕೂತು ಅತ್ತೆ. ಸುಮ್ಮನೆ, ಸ್ಟಿಯರಿಂಗ್ ಹಿಡಿದುಕೊಂಡು. ಒಂಬತ್ತು ವರ್ಷ ಕಾದದ್ದು ಹೆಬ್ಬೆರಳಿನಷ್ಟು ಕಬ್ಬಿಣದ ತುಂಡಿನಿಂದ ಹೋಗಬೇಕಾ?

ಮಾರ್ಚ್ 21, ಶುಕ್ರವಾರ. ಮೀನಿನ ಊಟದಿಂದ ಬಂದು

ನಗು ಬರುತ್ತಿದೆ, ಯಾರನ್ನಾದರೂ ಹೊಡೆಯಬೇಕೆಂದೂ ಅನ್ನಿಸುತ್ತಿದೆ. ಸಾವಧಾನವಾಗಿ ಬರೆಯಬೇಕು.

ಸಭಾಂಗಣದ ಮುಂದೆ ಗಾಡಿಗಳ ಸಾಲು. ದಾರಿ ತೋರಿಸಲು ನಿಂತಿದ್ದವನು ಹೊಸಬ, ಈ ಊರಿಗೆ ಬಂದು ತಿಂಗಳಾಗಿಲ್ಲ. ಅಮ್ಮನ ಕಡೆಯ ಗಾಜು ತಟ್ಟಿದ.

"ಅಜ್ಜಿ, ಗಾಡಿ ಸ್ವಲ್ಪ ಹಿಂದಕ್ಕೆ ತಗೊಳ್ಳಿ."

ಅಮ್ಮ ಗಾಜು ಇಳಿಸಿ ಸೂಜಿಗಳನ್ನು ಎತ್ತಿ ತೋರಿಸಿದಳು. "ಇವೆರಡ್ರಲ್ಲೇ ತಗೊಳ್ಲಾ ಮಗಾ?"

ಅವನು ಬಗ್ಗಿ ನೋಡಿದ. ಅಮ್ಮನ ಮುಂದೆ ಏನೂ ಇಲ್ಲ, ಉಣ್ಣೆಯ ಉಂಡೆ ಮಾತ್ರ. ಮುಖ ಕೆಂಪಾಯಿತು. "ಕ್ಷಮ್ಸಿ ಅಜ್ಜಿ. ಡ್ರೈವರ್ ಸೈಡಲ್ಲಿ ಕೂತಿದೀರಲ್ಲ, ಅದಕ್ಕೆ..."

ಡ್ರೈವರ್ ಸೈಡಲ್ಲಿ.

ಕೂತಿದ್ದವಳು ಅಮ್ಮ.

ಹಿಂದೆ ಹಾರ್ನು ಹೊಡೆದರಂತೆ. ನನಗೆ ಕೇಳಿಸಲೇ ಇಲ್ಲ. ಲೋಕಕ್ಕೆಲ್ಲ ಡ್ರೈವರ್ ಸೈಡು ಅಂದರೆ ಎಡಗಡೆ. ನನಗೆ ಬಲಗಡೆ. "ನೀನ್ ಕೂರೋ ಕಡೆ" ಅಂದ ಅಣ್ಣ. ನಾನು ಕೂರುವ ಕಡೆಯೇ ಬಿಚ್ಚಿದೆ, ಒಮ್ಮೆ ಅಲ್ಲ, ಎರಡು ಸಲ! ಎಂಜಿನ್ನು ಏನೂ ತಿರುಗಿ ಕೂತಿಲ್ಲ, ತಿರುಗಿ ಕೂತದ್ದು ಸ್ಟಿಯರಿಂಗು ಮಾತ್ರ. ಬ್ಯಾಂಕ್ ಒನ್ ಎಡಗಡೆಯೇ ಇದೆ, ಅಮ್ಮನ ಕಾಲ ಮುಂದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದೆ. ಅದೂ ಅದೇ ಎಮ್ಮೆಗೆ ಎರಡು ಬರೆ.

ಮೀನು ಏನು ತಿಂದೆನೋ ಗೊತ್ತಿಲ್ಲ.

ನನ್ನ ಮೇಲೆ ಸಿಟ್ಟಿದೆ. ಆದರೆ ಅದಕ್ಕಿಂತ ದೊಡ್ಡ ಸಿಟ್ಟು ಬೇರೆ ಇದೆ. ಅದನ್ನು ಭಾನುವಾರದವರೆಗೆ ಇಟ್ಟುಕೊಂಡಿರುತ್ತೇನೆ.

ಮಾರ್ಚ್ 22, ಶನಿವಾರ

ಟಪಾಲು ಮುಗಿಸಿ ಬಂದು ಬಾನೆಟ್ ಎತ್ತಿದೆ. ಎಡಗಡೆ.

ಅಡ್ಡ ಏನೂ ಇಲ್ಲ! ಸಲಾಕೆ ಇಲ್ಲ, ಕೈ ನೇರವಾಗಿ ಹೋಗುತ್ತದೆ, ಸೆನ್ಸರು ಕಣ್ಣಿಗೆ ಕಾಣುತ್ತದೆ. ಬಿಸಿ ಎಂಜಿನ್, ಎಣ್ಣೆ, ಪಾನಾ, ಒಂದು ಎಳೆತ — ಬಂತು. ತುದಿ ಮಸಿ ಮೆತ್ತಿ ಕರ್ರಗೆ, ಸುಟ್ಟ ಬದನೆಕಾಯಿಯ ತೊಟ್ಟಿನ ಹಾಗೆ. ಬಲಗಡೆಯಿಂದ ಮೊದಲು ಕಿತ್ತದ್ದನ್ನು ಪಕ್ಕದಲ್ಲಿಟ್ಟು ನೋಡಿದೆ. ಅದು ನಸುಗಂದು, ಆರೋಗ್ಯವಾಗಿತ್ತು ಪಾಪ. ಅವತ್ತೇ ಇದನ್ನು ಗಮನಿಸಬೇಕಿತ್ತು.

ಸಂತ ಯೋಸೇಫರ ಪಕ್ಕ ಕೂತಿದ್ದ ಸೆನ್ಸರನ್ನು ತಂದು ಹಾಕಿದೆ. ಚಿಕ್ಕ ಮಕ್ಕಳಿಗೂ ಆಗುವ ಕೆಲಸ, ಅರ್ಧ ಗಂಟೆ. ಅಣ್ಣ ಅಷ್ಟರಮಟ್ಟಿಗೆ ಸರಿಯಾಗಿಯೇ ಹೇಳಿದ್ದ. ಅದೇ ಹೊಟ್ಟೆ ಉರಿಯುವುದು.

ಸಂಖ್ಯೆ ಅಳಿಸಿದೆ. ಎಂಜಿನ್ ನಡುಗುತ್ತಿಲ್ಲ. ಮೊಟ್ಟೆ ವಾಸನೆಯೂ ಇಲ್ಲ.

ಮಾರ್ಚ್ 23, ಭಾನುವಾರ

ಬೆಳಿಗ್ಗೆ ಚರ್ಚಿನ ಪೂಜೆ ಮುಗಿಸಿ, ಅಮ್ಮನನ್ನು ಕೂರಿಸಿಕೊಂಡು ಹೆದ್ದಾರಿ. ಒಂದೇ ವೇಗ. ಅಮ್ಮ ಹೆಣಿಗೆ ಹಾಕುತ್ತ, ಲಾರಿಯವರನ್ನು ಹೆದರಿಸುತ್ತ ಬಂದಳು. "ಎಲ್ಲಿಗೆ ಹೋಗ್ತಿದೀವಿ?" ಎಲ್ಲಿಗೂ ಇಲ್ಲ ಅಮ್ಮ, ಗಾಡಿಗೆ ನೆನಪು ಬರಿಸಲು. "ಹಂಗಾದ್ರೆ ನನ್ನೂ ಇನ್ನೊಂದ್ಸಲ ಕರ್ಕೊಂಡೋಗು."

ಮಧ್ಯಾಹ್ನ ಅಣ್ಣನ ಫೋನು. ಅಮ್ಮನ ಕೈಯಿಂದ ನಾನೇ ತೆಗೆದುಕೊಂಡೆ.

"ಅಣ್ಣ, ಒಂದು ಪ್ರಶ್ನೆ. ನನ್ ಗಾಡೀಲಿ ಸ್ಟಿಯರಿಂಗ್ ಯಾವ ಕಡೆ ಇದೆ?"

"ಇದೆಂಥ ಪ್ರಶ್ನೆನೇ? ಎಲ್ರಿಗೂ ಇರೋ ಕಡೆ."

"ಬಲಗಡೆ ಇದೆ. ಈ ಗಾಡಿ ತಗೊಂಡು ಏಳು ವರ್ಷ, ಅವತ್ತಿಂದ ಬಲಗಡೆನೇ ಇದೆ."

ಆ ಕಡೆ ನಗು. ಹೊಟ್ಟೆ ಹಿಡಿದುಕೊಂಡು ನಕ್ಕ. "ಅಯ್ಯೋ ಪೆದ್ದಿ! ಎರಡು ಸಲನೂ ಬಲಗಡೆನಾ? ಹೇಳ್ಬಾರ್ದಿತ್ತಾ?"

"ನೀನ್ ಕೇಳ್ಬಾರ್ದಿತ್ತಾ?"

"ನಂಗೇನ್ ಕನಸು ಬೀಳುತ್ತಾ?"

"ನಾನ್ ಟಪಾಲು ಹಾಕೋಳು ಅಣ್ಣ. ಏಳು ವರ್ಷದಲ್ಲಿ ಒಂದ್ ಭಾನುವಾರನಾದ್ರೂ, ಟ್ರೂಡಿ, ನೀನ್ ಏನ್ ಓಡಿಸ್ತೀಯ, ಎಲ್ಲಿ ಹೋಗ್ತೀಯ ಅಂತ ಕೇಳಿದ್ಯಾ? ನಿನ್ ಟ್ರಕ್ಕಿನ ಟೈರು ಯಾವ ಅಳತೆದು ಅಂತ ನಂಗೊತ್ತು. ನಿನ್ ಸೀಟಿನ ಸ್ಪ್ರಿಂಗ್ ಯಾವಾಗ ಮುರೀತು, ಅದೂ ಗೊತ್ತು. ನಾನ್ ಯಾವ ಕಡೆ ಕೂರ್ತೀನಿ ಅಂತ ನಿಂಗೆ ಗೊತ್ತಿಲ್ಲ. ಗೊತ್ತಿಲ್ದೆನೇ ನೀನ್ ಕೂರೋ ಕಡೆ ಬಿಚ್ಚು ಅಂದೆ. ನನ್ ರೂಟು ಹೋಗೋದ್ರಲ್ಲಿತ್ತು. ಈಗ್ಲೂ ಹೋಗ್ಬೋದು."

"ಯಾವ ರೂಟು?"

ಯಾವ ರೂಟು ಅಂತ ಕೇಳಿದ. ದೇವರಾಣೆ, ಹಾಗೇ ಕೇಳಿದ.

ಅವನು ಏನೋ ಗೊಣಗಿದ, ಶಿಫ್ಟಿಗೆ ಹೊತ್ತಾಯಿತು ಅಂದ, ಇಟ್ಟ.

ಅಮ್ಮ ಹೆಣಿಗೆ ಮಡಿಲಲ್ಲಿಟ್ಟು ಹೇಳಿದಳು: "ನಿನ್ ವಿಷ್ಯ ನಾನೂ ಹೇಳ್ಲಿಲ್ಲ ಬಿಡು. ಟ್ರೂಡಿ ಹೆಂಗಿದಾಳೆ ಅಂದ್ರೆ ಆರಾಮಾಗಿದಾಳೆ ಅಂತಿದ್ದೆ."

ನಾನು ಆರಾಮಾಗಿಲ್ಲ ಅಮ್ಮ. ಹಾಗಂತ ಹೇಳಿಯೂಬಿಟ್ಟೆ.

ಮಾರ್ಚ್ 25

ದೀಪ ಹತ್ತಿಲ್ಲ. ಆದರೆ ಒಳಗಿನ ಪರೀಕ್ಷೆಗಳಲ್ಲಿ ಎರಡು ಇನ್ನೂ ಬಾಕಿ. ಪುಟ್ಟ ಯಂತ್ರವನ್ನು ದಿನಕ್ಕೆ ಹತ್ತು ಸಲ ಚುಚ್ಚುತ್ತಿದ್ದೇನೆ. ಬಸುರಿಯ ಹೊಟ್ಟೆ ಮುಟ್ಟಿ ನೋಡುವ ಅತ್ತೆಯ ಹಾಗೆ.

ಮಾರ್ಚ್ 28, ಶುಕ್ರವಾರ

ಹಿಮ. ಹೆದ್ದಾರಿ ಆಮೆ ನಡಿಗೆ. ಎರಡೂ ಬಾಕಿ. ಡ್ಯಾರಿಲ್ ಕ್ಲೈಡ್‌ನ ಜೊತೆ ರೂಟು ನೋಡಲು ಹೋಗಿದ್ದನಂತೆ, "ಸುಮ್ನೆ". ಮೀನಿನ ಊಟಕ್ಕೆ ಹೋಗಲು ಮನಸ್ಸಾಗಲಿಲ್ಲ. ಅಮ್ಮ ಆಲೂಗಡ್ಡೆ ಕಡುಬು ಬೇಯಿಸಿದಳು, ಈರುಳ್ಳಿ ಬೆಣ್ಣೆಯಲ್ಲಿ ಕೆಂಪಗೆ ಹುರಿದು. ಕೇಳದೆಯೇ ಎರಡನೆಯ ಸಲ ಬಡಿಸಿದಳು.

ಮಾರ್ಚ್ 30, ಭಾನುವಾರ

ರಸ್ತೆ ಒಣಗಿತು. ಪೂಜೆಗೂ ಹೋಗಲಿಲ್ಲ, ತಣ್ಣಗಿರುವ ಎಂಜಿನ್ ಎಬ್ಬಿಸಿ ನೇರ ಹೆದ್ದಾರಿ. "ಪೂಜೆ ತಪ್ಪಿದ್ದು ನನ್ ತಲೆ ಮೇಲಿರ್ಲಿ, ನೀನ್ ಓಡ್ಸು" ಅಂದಳು ಅಮ್ಮ. ಪಕ್ಕದ ರಾಜ್ಯದ ಗಡಿ ಮುಟ್ಟಿ, ನಿಲ್ಲಿಸದೆ ತಿರುಗಿ ಬಂದೆವು. ದಾರಿಯುದ್ದಕ್ಕೂ ಜಪಮಾಲೆ ಜಪಿಸಿದಳು. ಹೆಣಿಗೆ ಮನೆಯಲ್ಲೇ ಬಿಟ್ಟು ಬಂದಿದ್ದಳು.

ಅಂಗಳದಲ್ಲಿ ಯಂತ್ರ ಚುಚ್ಚಿದೆ. ಬಾಕಿ ಇಲ್ಲ. ಒಂದೂ ಇಲ್ಲ!

ಅಣ್ಣನ ಫೋನು ಬರಲಿಲ್ಲ. ಭಾನುವಾರ ಅವನ ಫೋನು ಬಾರದಿದ್ದದ್ದು ಇದೇ ಮೊದಲು. ಅಮ್ಮ ಎರಡು ಸಲ ರಿಸೀವರ್ ಎತ್ತಿ ಸದ್ದಿದೆಯೇ ನೋಡಿದಳು.

ಮಾರ್ಚ್ 31, ಸೋಮವಾರ. ಯಾನೊಸಿಕ್‌ನ ಗ್ಯಾರೇಜು

ಕಾಯುವ ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದೇನೆ. ನನ್ನ ಮುಂದೆ ಇದ್ದವರು ಇಬ್ಬರು, ಇಬ್ಬರೂ ಫೇಲು. ಲಿನೆಟ್ ಆಫೀಸು ಐದಕ್ಕೆ ಮುಚ್ಚುತ್ತಾಳೆ. ಗಾಜಿನಾಚೆ ಯಾನೊಸಿಕ್ ಯಂತ್ರ ಚುಚ್ಚಿದ್ದಾನೆ. ಕನ್ನಡಕ ಹಣೆಗೇರಿಸಿದ. ಇದು ಒಳ್ಳೆಯದೋ ಕೆಟ್ಟದ್ದೋ? ಹೋದ ಸಲವೂ ಹೀಗೇ ಏರಿಸಿದ್ದ. ಈ ಕಡೆಗೇ ಬರುತ್ತಿದ್ದಾನೆ, ಕೈಯಲ್ಲಿ ಏನೋ

ಏಪ್ರಿಲ್ 1, ಮಂಗಳವಾರ. ಸಂಜೆ

ಸ್ಟಿಕರು. ಕೈಯಲ್ಲಿದ್ದದ್ದು ಸ್ಟಿಕರು. ಹಳೆಯದನ್ನು ಬ್ಲೇಡಿನಿಂದ ಕೆರೆದು ತಾನೇ ಅಂಟಿಸಿದ. "ಕೂಸು ದೊಡ್ಡದಾಯ್ತು ತಾಯಿ" ಅಂದ. ನಿನ್ನೆ ಲಿನೆಟ್ ಕೋಟು ಹಾಕಿಕೊಂಡು ಹೊರಟಿದ್ದವಳು ಪಾರ್ಕಿಂಗಿನಲ್ಲಿ ಬಗ್ಗಿ ನೋಡಿ ತಲೆಯಾಡಿಸಿದಳು. ಬರೆಯುವ ತ್ರಾಣ ನಿನ್ನೆ ಇರಲಿಲ್ಲ.

ಇವತ್ತು ಮೊದಲ ದಿನ. ನನ್ನ ರೂಟು. ಟಪಾಲು ವಿಂಗಡಿಸುವ ಗೂಡಿನ ಮೇಲೆ ಕ್ಲೈಡ್‌ನ ಹೆಸರು ಕಿತ್ತು ನನ್ನದು ಅಂಟಿಸಿದ್ದಾರೆ, ಸ್ವಲ್ಪ ಸೊಟ್ಟಗೆ. ಗುಡ್ಡದ ನಾಯಿ ಎಂದಿನಂತೆ ಟೈರಿನ ಮೇಲೆ ಬಿತ್ತು. ಡ್ಯಾರಿಲ್ ಬಾಯಿಬಿಟ್ಟು ಶುಭಾಶಯ ಹೇಳಿದ, ಮನಸ್ಸಿನಿಂದಲೇ ಹೇಳಿದ ಅನ್ನಿಸಿತು, ಅದಕ್ಕೂ ರೇಗಿತು.

ಸಂತೋಷವಾಗಿದೆ. ಸಿಟ್ಟೂ ಹೋಗಿಲ್ಲ. ಎರಡೂ ಒಟ್ಟಿಗೆ ಇರಬಹುದು ಅಂತ ಇವತ್ತು ಗೊತ್ತಾಯಿತು. ಸಂಜೆಯ ಕಾಫಿ ಚೆಲ್ಲಲಿಲ್ಲ ಅಂತಲೂ ಬರೆದಿಡಬೇಕು. ಕಿಟಕಿಯ ಹೆಂಗಸು ಅರ್ಧ ಹೊರಗೆ ಬಂದು ಕೈಗೇ ಕೊಟ್ಟಳು, ಸುದ್ದಿ ಅಲ್ಲಿಗೂ ಮುಟ್ಟಿದೆ.

ಅಮ್ಮ ಆಚೆ ಫೋನಿನಲ್ಲಿ. ಮಂಗಳವಾರ ಯಾರದು? ಗುಸುಗುಸು. "ಹೂಂ ಬಂದಿದಾಳೆ... ಇಲ್ಲ, ಆರಾಮಾಗೇನಿಲ್ಲ, ಸುಸ್ತಾಗಿದಾಳೆ... ಅದನ್ನ ನನ್ನೇನ್ ಕೇಳ್ತೀಯ, ಅವಳನ್ನೇ ಕೇಳು."

ಈಗ ಬಾಗಿಲಲ್ಲಿ ನಿಂತಿದ್ದಾಳೆ. ಫೋನಿನ ವೈರು ಪೂರ್ತಿ ಎಳೆದುಕೊಂಡು ಬಂದಿದ್ದಾಳೆ.

"ವೆಸ್ಸು. ನಿನ್ ರೂಟು ಎಲ್ಲಿಂದ ಶುರುವಾಗುತ್ತೆ ಅಂತ ಕೇಳ್ತಿದಾನೆ. ಮೊದ್ಲಿಂದ ಹೇಳ್ಬೇಕಂತೆ, ಒಂದೊಂದೇ ಡಬ್ಬಿ."

ಕಾಯಲಿ ಸ್ವಲ್ಪ. ನಾನೂ ಕಾದಿದ್ದೇನೆ. ಈ ಸಾಲು ಮುಗಿಸಿ ಏಳುತ್ತೇನೆ. ಎಲ್ಲಿಂದ ಶುರು ಮಾಡಲಿ? ಸೇತುವೆ ದಾಟಿ, ಸೇಬಿನ ತೋಟ ಕಳೆದು, ಮೊದಲ ಡಬ್ಬಿ, ಬಲಗಡೆ.